ವೈದ್ಯನೂ ದಂಡನೀತಿಯೂ

ವೈದ್ಯರ ಪ್ರಮಾದವನ್ನು ನ್ಯಾಯಸ್ಥಾನದಲ್ಲಿ ವಿಚಾರಿಸುವ ಪದ್ಧತಿಯು ಪಾಶ್ಚಾತ್ಯರಿಂದ ಬಂದುದೆಂದು ಹಲವರು ಭಾವಿಸಿರುವರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಿದವರಿಗೆ ಈ ಭ್ರಮೆಯು ನಿಲ್ಲಲಾರದು. ರೋಗವು ಪ್ರಾಣಾಪಾಯಕರವೆಂಬುದನ್ನು ತಿಳಿಸದೆ ಚಿಕಿತ್ಸೆಗೆ ತೊಡಗಿದಲ್ಲಿ, ರೋಗಿಯು ಮೃತನಾದರೆ ವೈದ್ಯನಿಗೆ ಪೂರ್ವಸಾಹಸದಂಡ, ಎಂದರೆ 48ರಿಂದ 96 ಪಣಗಳು. ಚಿಕಿತ್ಸೆಯ ದೋಷದಿಂದಲೇ ಮೃತನಾದರೆ ಮಧ್ಯಮಸಾಹಸ, 200ರಿಂದ 500 ಪಣಗಳು. ಮೊದಲನೆಯ ದಂಡಕ್ಕೆ ಕೈತಪ್ಪು ಬೇಕಾಗಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅಲ್ಲಿ ಮೌನವೇ ಅಪರಾಧ.

ಯಾಜ್ಞವಲ್ಕ್ಯನಾದರೋ ಮಿಥ್ಯಾಚಿಕಿತ್ಸೆಗೆ ಪಶು, ಮನುಷ್ಯ, ರಾಜಪುರುಷರೆಂಬ ಕ್ರಮದಿಂದ ದಂಡವನ್ನು ಏರಿಸುತ್ತಾನೆ. ಬಡವನ ಪ್ರಾಣಕ್ಕಿಂತ ಅಧಿಕಾರಿಯ ಪ್ರಾಣಕ್ಕೆ ತೂಕ ಹೆಚ್ಚೆಂಬ ಈ ಗಣನೆಯನ್ನು ನಾನಂತೂ ಒಪ್ಪಲಾರೆ. ಕೌಟಿಲ್ಯನ ಆ ಸೂತ್ರಗಳಲ್ಲಿ ಇಂತಹ ಭೇದವಿಲ್ಲ.

ಆದರೆ ಯಾರಿಗೆ ತಿಳಿಸಬೇಕು? ಆ ಚತುರ್ಥ್ಯಂತ ಪದವು ಸೂತ್ರದಲ್ಲಿಲ್ಲ. ಶಾಸ್ತ್ರಿಗಳು ತಮ್ಮ ಆಂಗ್ಲಾನುವಾದದಲ್ಲಿ ‘ಸರ್ಕಾರಕ್ಕೆ’ ಎಂಬರ್ಥದ ಪದವನ್ನು ಆವರಣದೊಳಗೆ ಪೂರಿಸಿರುವರು. ಭಾರತದ ಸರ್ವೋಚ್ಚ ನ್ಯಾಯಾಲಯವಾದರೋ 2008ರಲ್ಲಿ ಇತ್ತ ಒಂದು ತೀರ್ಪಿನಲ್ಲಿ, ತುರ್ತು ಸಂದರ್ಭಗಳನ್ನು ಬಿಟ್ಟು ಉಳಿದೆಡೆ ಚಿಕಿತ್ಸೆಯ ಸ್ವರೂಪವನ್ನೂ ಅಪಾಯವನ್ನೂ ರೋಗಿಗೇ ಮೊದಲು ವಿವರಿಸಿ ಅವನ ಸಮ್ಮತಿಯನ್ನು ಪಡೆಯತಕ್ಕದ್ದೆಂದು ವಿಧಿಸಿತು.