ಏರಿಯಾನ್-5 ಮತ್ತು ಬದಲಿ ಬೆಲೆ

ಸೊನ್ನೆಯಿಂದ ಭಾಗಿಸಲು ಹೇಳಿದರೆ ನಿಮ್ಮ ಕ್ಯಾಲ್ಕುಲೇಟರ್ ದೋಷವೆಂದು ತೋರಿಸಿ ಸುಮ್ಮನಾಗುತ್ತದೆ. ನೀವು ಗುಂಡಿ ಒತ್ತಿ ಹೊಸದಾಗಿ ಲೆಕ್ಕ ಆರಂಭಿಸುತ್ತೀರಿ. ಹಾರುತ್ತಿರುವ ರಾಕೆಟ್ಟಿನ ಗಣಕ ಹೀಗೆ ಸುಮ್ಮನಾದರೆ?

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರೂ ನೆಲೆಯಿಂದ ಯೂರೋಪಿನ ಏರಿಯಾನ್-5 ಮೊದಲ ಬಾರಿಗೆ ಮೇಲೇರಿತು. ಭೂಮಿಯ ಕಾಂತಗೋಳವನ್ನು ಅಧ್ಯಯನ ಮಾಡಬೇಕಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳು ಅದರಲ್ಲಿದ್ದವು. ಸುಮಾರು 40 ಸೆಕೆಂಡುಗಳಲ್ಲಿ, 3,700 ಮೀಟರ್ ಎತ್ತರದಲ್ಲಿ, ರಾಕೆಟ್ ಪಥ ಬಿಟ್ಟು ವಾಲಿ ಸ್ಫೋಟಿಸಿತು.

ಕಾರಣ ಒಂದು ಸಂಖ್ಯೆ. ರಾಕೆಟ್ಟಿನ ದಿಕ್ಕು ಹಾಗೂ ಚಲನೆಯನ್ನು ಅಳೆಯುವ ಉಪಕರಣದ ಪ್ರೋಗ್ರಾಮನ್ನು ಹಿಂದಿನ ಏರಿಯಾನ್-4ರಿಂದ ಪಡೆಯಲಾಗಿತ್ತು. ಅಡ್ಡವೇಗಕ್ಕೆ ಸಂಬಂಧಿಸಿದ 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು ಅದು 16 ಬಿಟ್‌ಗಳ ಪೂರ್ಣಾಂಕವಾಗಿ ಬದಲಿಸುತ್ತಿತ್ತು. ಧನ-ಋಣ ಚಿಹ್ನೆಯೂ ಸೇರಿದಂತೆ 16 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಾಂಕ 32,767. ಏರಿಯಾನ್-5ರ ಅಡ್ಡವೇಗ ಬಹಳ ಹೆಚ್ಚಾಗಿದ್ದುದರಿಂದ ಸಂಖ್ಯೆ ಈ ಮಿತಿಯನ್ನು ದಾಟಿತು. ಇಂತಹ ಅಪಾಯವಿದ್ದ ಏಳು ಚರಗಳಲ್ಲಿ ನಾಲ್ಕಕ್ಕೆ ರಕ್ಷಣೆ ಒದಗಿಸಿದ್ದರು. ಗಣಕದ ಹೊರೆ ಶೇ. 80ನ್ನು ಮೀರಬಾರದೆಂದು ಉಳಿದ ಮೂರನ್ನು ಹಾಗೆಯೇ ಬಿಟ್ಟಿದ್ದರು. ದೋಷ ಕಂಡೊಡನೆ ಉಪಕರಣ ತನ್ನ ಕೆಲಸವನ್ನೇ ನಿಲ್ಲಿಸಿತು. ಮೀಸಲು ಉಪಕರಣವೋ? ಅದರಲ್ಲಿದ್ದುದೂ ಅದೇ ಪ್ರೋಗ್ರಾಂ. ಅದು ಕ್ಷಣ ಮೊದಲೇ ನಿಂತಿತ್ತು! ಉಪಕರಣ ಕಳುಹಿಸಿದ ದೋಷಸೂಚಕ ಬಿಟ್‌ಗಳನ್ನು ಮುಖ್ಯ ಗಣಕ ಹಾರಾಟದ ಅಳತೆಯೆಂದೇ ಬಗೆದು ಎಂಜಿನ್‌ಗಳ ನಾಝಲ್‌ಗಳನ್ನು ಪೂರ್ತಿ ತಿರುಗಿಸಿಬಿಟ್ಟಿತು. ವಿಪರ್ಯಾಸವೆಂದರೆ, ನೆಲ ಬಿಟ್ಟ ಮೇಲೆ ಏರಿಯಾನ್-5ಕ್ಕೆ ಆ ಲೆಕ್ಕ ಬೇಕಾಗಿಯೇ ಇರಲಿಲ್ಲ.

ಗಣಿತಜ್ಞ ಝಾಕ್-ಲೂಯಿ ಲಿಯೋನ್ಸ್ ನೇತೃತ್ವದ ತನಿಖಾ ಮಂಡಳಿ ಅದೇ ಜುಲೈನಲ್ಲಿ ವರದಿ ನೀಡಿತು. ಅಳೆಯುವ ಉಪಕರಣ ಯಾವುದೇ ಇರಲಿ, ದೋಷ ಬಂದಾಗ ಮೌನವಾಗದೆ ತನ್ನಿಂದ ಸಾಧ್ಯವಾದಷ್ಟು ಒಳ್ಳೆಯ ಅಂದಾಜನ್ನು ಕಳುಹಿಸುತ್ತಿರಬೇಕು ಎಂಬುದು ಅದರ ಸಲಹೆಗಳಲ್ಲೊಂದು. 'ಮಿತಿ ಮೀರಿದರೆ 32,767 ಎಂದೇ ಇಟ್ಟುಕೊ' ಎಂಬ ಒಂದು ಸೂಚನೆ ಇದ್ದಿದ್ದರೂ ಅಂದು ಸಾಕಾಗುತ್ತಿತ್ತೆನಿಸುತ್ತದೆ. ಹೀಗೆ ಮೊದಲೇ ಗೊತ್ತುಪಡಿಸಿದ ಬದಲಿ ಸಂಖ್ಯೆಯೇ ಡಿಫಾಲ್ಟ್ ಬೆಲೆ.

ಹಾಗೆಂದು ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಪರೀಕ್ಷೆಗೆ ಬಾರದ ವಿದ್ಯಾರ್ಥಿಯ ಅಂಕವನ್ನು ಪ್ರೋಗ್ರಾಂ 0 ಎಂದು ತುಂಬಿಕೊಂಡರೆ ತರಗತಿಯ ಸರಾಸರಿ ಸದ್ದಿಲ್ಲದೆ ತಪ್ಪಾಗುತ್ತದೆ. ಯುದ್ಧಭೂಮಿಯಲ್ಲೂ ಹೀಗೆ ಆದದ್ದುಂಟು. 2001ರ ಡಿಸೆಂಬರ್ 5ರಂದು ಅಫ್ಘಾನಿಸ್ತಾನದ ಕಂದಹಾರ್ ಬಳಿ ಅಮೆರಿಕದ ಸೈನಿಕರು ಜಿಪಿಎಸ್ ಉಪಕರಣದಲ್ಲಿ ಶತ್ರುನೆಲೆಯ ಸ್ಥಾನವನ್ನು ಲೆಕ್ಕ ಹಾಕಿದ್ದರು. ನಡುವೆ ಬ್ಯಾಟರಿ ಬದಲಿಸಬೇಕಾಯಿತು. ಮತ್ತೆ ಚಾಲೂ ಆದ ಉಪಕರಣ ತಾನಿದ್ದ ಜಾಗದ ಅಕ್ಷಾಂಶ, ರೇಖಾಂಶಗಳನ್ನೇ ತೋರಿಸಿತು. ಅದೇ ಗುರಿಯೆಂದು ಭಾವಿಸಿ ವಿಮಾನಕ್ಕೆ ತಿಳಿಸಿದರು. ಬಾಂಬು ಅವರ ನೆಲೆಯ ಮೇಲೆಯೇ ಬಿದ್ದು, ಮೂವರು ಅಮೆರಿಕನ್ ಸೈನಿಕರೂ ಜೊತೆಗಿದ್ದ ಹಲವು ಅಫ್ಘನ್ನರೂ ಸತ್ತರು.