ಬೀದರಿನ ಮದ್ರಸ: ಕಲಬುರಗಿಯಿಂದ ಇನ್ನೊಂದು ದಿನದ ದಾರಿ

ಬೆಂಗಳೂರು ದಂಡು ಪ್ರದೇಶದ ಮುಸ್ಲಿಮ್ ಕುಟುಂಬಗಳಿಗೆ ಕಲಬುರಗಿ ಹೊಸ ಊರಲ್ಲ. ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ಎಷ್ಟೋ ಮನೆಗಳವರು ರೈಲು ಹತ್ತಿ ಹಜ್ರತ್ ಖ್ವಾಜಾ ಬಂದೇ ನವಾಜ್ (ರ) ಅವರ ದರ್ಗಾಕ್ಕೆ ಹೋಗಿ ಬರುತ್ತಾರೆ. ಜಿಯಾರತ್ ಮುಗಿಯುತ್ತಲೇ ರಾತ್ರಿಯ ರೈಲಿಗೆ ಮರಳುತ್ತಾರೆ. ಅಲ್ಲಿಂದ ಸುಮಾರು 110 ಕಿಲೋಮೀಟರ್ ಉತ್ತರಕ್ಕಿರುವ ಬೀದರನ್ನು ನೋಡಿ ಬಂದವರು ವಿರಳ. ಹೀಗಾಗಿ ಒಂದೇ ಕತೆಯ ಪೂರ್ವಾರ್ಧವನ್ನು ಓದಿ ಪುಸ್ತಕವನ್ನು ಮುಚ್ಚಿಟ್ಟಂತಾಗುತ್ತಿದೆ.

ಭೂಮಿಯಲ್ಲಿ ಸಂಚರಿಸಿ, ಗತಿಸಿದವರು ಬಿಟ್ಟುಹೋದುದನ್ನು ಕಂಡು ಆಲೋಚಿಸಬೇಕೆಂದು ಪವಿತ್ರ ಕುರ್‌ಆನ್ ಹಲವೆಡೆ ಕರೆ ನೀಡುತ್ತದೆ. ಗುಮ್ಮಟದ ಮುಂದೆ ಮೊಬೈಲ್ ಹಿಡಿದು ನಿಂತರೆ ಆ ಕರೆಗೆ ಓಗೊಟ್ಟಂತಾಗದು. ತರಗತಿಯಲ್ಲಿ ಮಕ್ಕಳನ್ನು ‘ಈ ನಾಡಿನಲ್ಲಿ ನಮ್ಮ ಪೂರ್ವಿಕರು ಏನನ್ನು ಕಟ್ಟಿದರು?’ ಎಂದು ಕೇಳಿದರೆ ಟಿಪ್ಪು ಸುಲ್ತಾನರ ಹೆಸರು ಬರುತ್ತದೆ, ಗೋಲ ಗುಮ್ಮಟದ ಹೆಸರು ಬರುತ್ತದೆ. ಆಮೇಲೆ ಮೌನ. ಒಂದು ಪಾಠಶಾಲೆಯನ್ನು ಕಟ್ಟಿದರು ಎಂದು ಯಾವ ಮಗುವೂ ಹೇಳಿದ್ದನ್ನು ನಾನು ಕೇಳಿಲ್ಲ.

ನಮ್ಮ ಬೀದಿಗಳ ಭಾಷೆಯೇ ನಮ್ಮನ್ನು ಬೀದರಿಗೆ ಕರೆದೊಯ್ಯಬೇಕಿತ್ತು. ರಸೆಲ್ ಮಾರುಕಟ್ಟೆಯ ಸುತ್ತ ಕೇಳಿಬರುವ ದಖನಿಯನ್ನು ಕೆಲವರು ‘ಕೆಟ್ಟ ಉರ್ದು’ ಎಂದು ಹಳಿಯುವುದುಂಟು. ಅದು ತಿಳಿಯದೆ ಆಡುವ ಮಾತು. ದಖನಿಯ ಅತ್ಯಂತ ಹಳೆಯ ಕಾವ್ಯವೆಂದು ಗಣಿಸಲ್ಪಡುವ ‘ಕದಮ್ ರಾವ್ ಪದಮ್ ರಾವ್’ ಮಸ್ನವಿಯನ್ನು ಫಕ್ರುದ್ದೀನ್ ನಿಜಾಮಿ ರಚಿಸಿದ್ದು 15ನೆಯ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಬೀದರಿನಲ್ಲಿ. ನಮ್ಮ ಅಜ್ಜಿಯಂದಿರ ‘ನಕ್ಕೊ’ ಮರಾಠಿಯ ನೆರೆಯಿಂದ ಬಂದ ಪದ. ಕನ್ನಡ, ಮರಾಠಿ, ತೆಲುಗು ಮೂರೂ ಕೂಡುವ ಆ ಸೀಮೆಯಲ್ಲಿಯೇ ಈ ಮಾತು ಬೆಳೆಯಿತು.

1347ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡ ಬಹಮನಿ ರಾಜ್ಯದ ರಾಜಧಾನಿಯನ್ನು ಬೀದರಿಗೆ ಸ್ಥಳಾಂತರಿಸಿದವರು ಸುಲ್ತಾನ್ ಅಹ್ಮದ್ ಷಾ. ಬಂದೇ ನವಾಜರು 1422ರಲ್ಲಿ ವಫಾತಾದ ಕೆಲವು ವರ್ಷಗಳಲ್ಲೇ ಇದು ನಡೆಯಿತು. ಈ ಸುಲ್ತಾನರ ಸಮಾಧಿ ಬೀದರಿನ ಹೊರಗೆ ಅಷ್ಟೂರು ಗ್ರಾಮದಲ್ಲಿದೆ. ಅಲ್ಲಿ ಹೊಲಗಳ ನಡುವೆ ಸಾಲಾಗಿ ಬಹಮನಿ ಗುಮ್ಮಟಗಳು ನಿಂತಿವೆ. ಅಹ್ಮದ್ ಷಾ ವಲಿ ಎಂದು ಮುಸ್ಲಿಮರು ಗೌರವಿಸುವ ಇವರನ್ನು ಸುತ್ತಲಿನ ಲಿಂಗಾಯತರು ಅಲ್ಲಮಪ್ರಭುವಿನ ಸ್ವರೂಪವೆಂದು ನಂಬುತ್ತಾರೆ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬಂದು ಇಲ್ಲಿನ ಉರುಸಿನಲ್ಲಿ ಪಾಲ್ಗೊಳ್ಳುವ ವಾಡಿಕೆ ಬಹಳ ಹಳೆಯದು. ಉರುಸಿನ ರೂಢಿಗಳ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯಗಳಿವೆ, ಆ ಚರ್ಚೆ ಇಲ್ಲಿ ಬೇಡ. ಆದರೆ ಒಬ್ಬ ಅರಸನನ್ನು ಆತನ ಧರ್ಮಕ್ಕೆ ಸೇರದ ರೈತಾಪಿ ಜನರು ಸುಮಾರು ಆರು ಶತಮಾನಗಳ ಕಾಲ ತಮ್ಮವನೆಂದು ನೆನೆದರೆ, ಅದಕ್ಕೆ ಏನೋ ಕಾರಣವಿರಲೇಬೇಕು.

ಮಕ್ಕಳಿಗೆ ಮುಖ್ಯವಾಗಿ ತೋರಿಸಬೇಕಾದುದು ಊರೊಳಗಿನ ಮದ್ರಸ. ಇದನ್ನು ಕಟ್ಟಿಸಿದ ಮಹಮೂದ್ ಗವಾನ್ ಅರಸರಾಗಿರಲಿಲ್ಲ. ಇರಾನಿನ ಗೀಲಾನ್ ಪ್ರಾಂತ್ಯದಿಂದ ವ್ಯಾಪಾರಕ್ಕಾಗಿ ಸಮುದ್ರ ದಾಟಿ ದಾಭೋಳ ಬಂದರಿಗೆ ಬಂದವರು, ನಡುವಯಸ್ಸಿನಲ್ಲಿ ಬೀದರ್ ಸೇರಿ, ಮುಂದೆ ರಾಜ್ಯದ ವಜೀರರಾದರು. ಹೆರಾತಿನ ಮಹಾಕವಿ ಜಾಮಿಯೊಡನೆ ಅವರಿಗೆ ಪತ್ರವ್ಯವಹಾರವಿತ್ತು. ಅವರ ಪತ್ರಗಳು ‘ರಿಯಾಜುಲ್ ಇನ್ಶಾ’ ಎಂಬ ಸಂಗ್ರಹದಲ್ಲಿ ಉಳಿದಿವೆ. 1472ರಲ್ಲಿ ಪೂರ್ಣಗೊಂಡ ಮದ್ರಸಕ್ಕೆ ಮೂರು ಅಂತಸ್ತು. ನಡುವೆ ವಿಶಾಲವಾದ ಅಂಗಳ, ಸುತ್ತಲೂ ಪಾಠದ ಸಭಾಂಗಣಗಳು, ಮಸೀದಿ, ಗ್ರಂಥಾಲಯ, ಗುರುಗಳೂ ವಿದ್ಯಾರ್ಥಿಗಳೂ ವಾಸಿಸುವ ಕೋಣೆಗಳು. ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವೆಂದು ಹೇಳಲಾಗುತ್ತದೆ. ಮುದ್ರಣ ಯಂತ್ರ ಹಿಂದೂಸ್ತಾನಕ್ಕೆ ಕಾಲಿಡದ ಕಾಲವದು. ಪ್ರತಿಯೊಂದು ಪುಟವನ್ನೂ ಯಾರೋ ಕೂತು ಕೈಯಾರೆ ಬರೆದಿರಬೇಕು ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಇಂದು ಕಾಣುವುದು ಅರ್ಧ ಕಟ್ಟಡ. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ಮಾತ್ರ ನಿಂತಿದೆ. ಅದರ ಮೇಲೆ ಮತ್ತು ಗೋಡೆಯ ಮೇಲೆ ನೀಲಿ, ಹಸಿರು, ಹಳದಿ ಬಣ್ಣದ ಹೊಳಪಿನ ಹಂಚುಗಳೂ ಕುರ್‌ಆನಿನ ವಚನದ ಬರಹವೂ ಅಲ್ಲಲ್ಲಿ ಉಳಿದಿವೆ. ಔರಂಗಜೇಬರ ಆಳ್ವಿಕೆಯಲ್ಲಿ ಪಾಠದ ಕೋಣೆಗಳು ಸೈನಿಕರ ವಸತಿಯಾದವು, ಒಳಗೆ ಮದ್ದಿನ ದಾಸ್ತಾನು ಸೇರಿತು. 1696ರಲ್ಲಿ ಸಿಡಿಲು ಬಡಿದು ಮದ್ದು ಸ್ಫೋಟಿಸಿತು ಎಂಬುದು ಇತಿಹಾಸಕಾರರ ವಿವರಣೆ. ಮದ್ರಸದೊಳಗೆ ಮದ್ದನ್ನು ತಂದಿಟ್ಟವರು ಹೊರಗಿನವರಲ್ಲ ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ.

ಗವಾನರ ಅಂತ್ಯವೂ ತಮ್ಮವರಿಂದಲೇ ಆಯಿತು. ದರ್ಬಾರಿನಲ್ಲಿ ದಖನಿಗಳು ಮತ್ತು ಹೊರನಾಡಿನಿಂದ ಬಂದ ಅಫಾಕಿಗಳು ಎಂಬ ಎರಡು ಬಣಗಳಿದ್ದವು. ವಜೀರರು ಎರಡಕ್ಕೂ ಅಧಿಕಾರವನ್ನು ಹಂಚಲು ಯತ್ನಿಸಿದರು, ಪ್ರಾಂತ್ಯಾಧಿಪತಿಗಳ ಹಿಡಿತವನ್ನೂ ಕುಗ್ಗಿಸಿದರು. ಶತ್ರುಗಳು ಅವರ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿದರು. ಅದರಲ್ಲಿ ಒಡಿಶಾದ ಅರಸನನ್ನು ದಂಡೆತ್ತಿ ಬರುವಂತೆ ಆಹ್ವಾನಿಸುವ ಪತ್ರ ಬರೆದರು. ಸುಲ್ತಾನ್ ಮೂರನೆಯ ಮುಹಮ್ಮದ್ ಷಾ ಆ ಪತ್ರವನ್ನು ಗವಾನರ ಮುಂದೆ ಹಿಡಿದ. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದು ಅವರು ಉತ್ತರಿಸಿದರು. ಸುಲ್ತಾನ ಅಮಲಿನಲ್ಲಿದ್ದ. ಬರೆದವನಾರೆಂದು ವಿಚಾರಿಸಲಿಲ್ಲ, ಸಾಕ್ಷಿ ಕೇಳಲಿಲ್ಲ. 1481ರ ಏಪ್ರಿಲ್‌ನಲ್ಲಿ ಕೊಂಡಪಲ್ಲಿಯ ಶಿಬಿರದಲ್ಲಿ ಎಪ್ಪತ್ತು ದಾಟಿದ ಆ ವೃದ್ಧರ ಶಿರಚ್ಛೇದವಾಯಿತು.

ಬಳಿಕ ಅವರ ಭಂಡಾರವನ್ನು ಶೋಧಿಸಿದರೆ ನಿರೀಕ್ಷಿಸಿದ ಸಂಪತ್ತು ಸಿಗಲಿಲ್ಲ. ಜಾಗೀರಿನ ಆದಾಯವೆಲ್ಲ ಸೈನಿಕರ ಸಂಬಳಕ್ಕೂ ಬಡವರಿಗೂ ಸಲ್ಲುತ್ತಿತ್ತು. ಸ್ವಂತ ಖರ್ಚಿಗೆ ಅವರು ವ್ಯಾಪಾರದ ಲಾಭವನ್ನೇ ನೆಚ್ಚಿದ್ದರು, ಮಣ್ಣಿನ ಮಡಕೆಯಲ್ಲಿ ಬೇಯಿಸಿದ್ದನ್ನು ಉಂಡು ಚಾಪೆಯ ಮೇಲೆ ಮಲಗುತ್ತಿದ್ದರು ಎಂದು ಮುಂದೆ ಬಿಜಾಪುರದಲ್ಲಿ ಇತಿಹಾಸ ಬರೆದ ಫಿರಿಷ್ತಾ ದಾಖಲಿಸಿದ್ದಾರೆ. ಸುಲ್ತಾನ ಪಶ್ಚಾತ್ತಾಪಪಟ್ಟು ಮರುವರ್ಷ ತೀರಿಕೊಂಡ. ಕೆಲವೇ ದಶಕಗಳಲ್ಲಿ ರಾಜ್ಯವು ಐದು ಹೋಳಾಯಿತು. ತಂದ ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂಬ ಅಲ್ಲಾಹನ ಆಜ್ಞೆ ಸೂರಃ ಅಲ್ ಹುಜುರಾತ್‌ನಲ್ಲಿದೆ. ಕೈಯಲ್ಲಿರುವ ಫೋನಿಗೆ ದಿನವೂ ಮುದ್ರೆಯಿರುವ, ಮುದ್ರೆಯಿಲ್ಲದ ಪತ್ರಗಳು ಬಂದು ಬೀಳುವ ಈ ಕಾಲದಲ್ಲಿ ಮಕ್ಕಳಿಗೆ ಆ ಆಯತನ್ನು ಕಲಿಸಲು ಬೀದರಿನ ಆ ಅಂಗಳಕ್ಕಿಂತ ಒಳ್ಳೆಯ ಜಾಗ ನನಗೆ ತೋರುವುದಿಲ್ಲ.

ಸಮಯವಿದ್ದರೆ ನೌಬಾದಿನ ಸುರಂಗ ಬಾವಿಯನ್ನೂ ನೋಡಬೇಕು. ಇರಾನಿನ ಕರೇಜ್ ಪದ್ಧತಿಯಂತೆ ಜಂಬಿಟ್ಟಿಗೆಯ ನೆಲದಡಿಯಲ್ಲಿ ಕೊರೆದ ನೀರಿನ ಕಾಲುವೆಯಿದು, ಮೇಲಿನಿಂದ ಬಾವಿಗಳಂತೆ ಇಳಿಯುವ ಗಾಳಿಕಿಂಡಿಗಳಿವೆ. ಸತು ಮತ್ತು ತಾಮ್ರದ ಎರಕದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪುಗೊಳಿಸುವ ಬಿದ್ರಿ ಕುಶಲಕರ್ಮಿಗಳು ಊರೊಳಗೆ ಇಂದಿಗೂ ಕೆಲಸ ಮಾಡುತ್ತಿದ್ದಾರೆ. ಅವರಲ್ಲೊಬ್ಬರಾದ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿದೆ.

2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ಆರಂಭವಾದ ಮೇಲೆ ದಾರಿ ಸುಲಭವಾಗಿದೆ. ರಸ್ತೆಯಲ್ಲಿ ಹೋಗುವವರು ಕಮಲಾಪುರದ ಕೆಂಪು ಬಾಳೆಹಣ್ಣನ್ನು ಮಕ್ಕಳಿಗೆ ಕೊಡಿಸಬಹುದು. ಬೇಸಿಗೆ ರಜೆ ಬೇಡ, ಆ ಬಿಸಿಲಿಗೆ ಬೆಂಗಳೂರಿನ ಮಕ್ಕಳು ತಾಳಲಾರರು. ನವೆಂಬರಿನಿಂದ ಜನವರಿಯವರೆಗೆ ಹಿತವಾಗಿರುತ್ತದೆ.

ಮರಳುವ ಮುನ್ನ ಊರ ಹೊರಗಿನ ಗೋರನಳ್ಳಿಗೆ ಹೋಗಿ ಬನ್ನಿ. ಮಹಮೂದ್ ಗವಾನರ ಸಮಾಧಿ ಅಲ್ಲಿದೆ. ಅದರ ಮೇಲೆ ಅಷ್ಟೂರಿನಂತಹ ಗುಮ್ಮಟವಿಲ್ಲ. ಬಯಲಿನಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಗೋರಿ, ಮೇಲೆ ಆಕಾಶ. ನಿಂತು ದುಆ ಮಾಡಿ ಹೊರಡಲು ಅರ್ಧ ಗಂಟೆ ಸಾಕು.