ರೆಟಿನಾದ ಅಪಧಮನಿ ಕಟ್ಟಿದಾಗ ಓಸಿಟಿ ಚಿತ್ರವನ್ನು ಓದುವ ಬಗೆ: ದಕ್ಷಿಣ ಬೆಂಗಳೂರಿನ ಹಿನ್ನೆಲೆಯಲ್ಲಿ

ನೋವಿಲ್ಲ, ಕೆಂಪಿಲ್ಲ, ಒಂದು ಕಣ್ಣು ಇದ್ದಕ್ಕಿದ್ದಂತೆ ಕತ್ತಲಾಗುತ್ತದೆ. ರೆಟಿನಾದ ಮುಖ್ಯ ಅಪಧಮನಿ ಕಟ್ಟಿಕೊಳ್ಳುವ ಈ ಸ್ಥಿತಿಯನ್ನು 1859ರಲ್ಲಿ ಜರ್ಮನಿಯ ಅಲ್ಬ್ರೆಕ್ಟ್ ಫಾನ್ ಗ್ರೇಫೆ ವಿವರಿಸಿದರು. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗಷ್ಟೇ ಬರುತ್ತದೆ. ಬಂದವರು ಕೇಳುವುದು ಒಂದೇ: ‘ಮತ್ತೆ ಕಾಣುತ್ತಾ, ಡಾಕ್ಟ್ರೇ?’

ಈ ಪ್ರಶ್ನೆಗೆ ಉತ್ತರ ಹುಡುಕಲು ಇಂದು ನೆರವಾಗುವುದು 1991ರಲ್ಲಿ ಪ್ರಕಟವಾದ ಓಸಿಟಿ ತಂತ್ರ. ಬೆಳಕು ಹಾಯಿಸಿ ರೆಟಿನಾದ ಪದರಗಳನ್ನು ಅಡ್ಡಸೀಳಿನಂತೆ ತೋರಿಸುತ್ತದೆ. ಒಳಪದರಗಳಿಗೆ ರಕ್ತ ಬರುವುದು ಈ ಅಪಧಮನಿಯಿಂದ, ಹೊರಪದರಗಳಿಗೆ ರೆಟಿನಾದ ಹಿಂದಿನ ಕೋರಾಯ್ಡ್ ಎಂಬ ಪದರದಿಂದ. ಹಾಗಾಗಿ ನಾಳ ಕಟ್ಟಿದಾಗ ಒಳಪದರಗಳು ಊದಿ ಚಿತ್ರದಲ್ಲಿ ಬೆಳ್ಳಗಾಗುತ್ತವೆ. ಬೆಳ್ಳಗಾಗಿಯೂ ಪದರಗಳ ನಡುವಿನ ಗೆರೆ ಉಳಿದಿದ್ದರೆ ಹರಿವು ಪೂರ್ತಿ ನಿಂತಿಲ್ಲವೆಂದು ಊಹಿಸಬಹುದು. ದೃಷ್ಟಿ ಮರಳುವ ಆಸೆ ಇದೆ. ಗೆರೆಗಳು ಅಳಿಸಿ ಎಲ್ಲವೂ ಒಂದೇ ಮುದ್ದೆಯಾಗಿದ್ದರೆ ಆಸೆ ಕಡಿಮೆ. ಸಿಲಿಯೋರೆಟಿನಲ್ ಎಂಬ ಉಪನಾಳವಿದ್ದವರಲ್ಲಿ ನಡುದೃಷ್ಟಿ ಉಳಿಯುವುದುಂಟು.

ಆದರೆ ಊತ ಗಂಟೆಗಂಟೆಗೂ ಏರುತ್ತದೆ. ಬೇಗ ತೆಗೆದ ಚಿತ್ರದಲ್ಲಿ ರೆಟಿನಾ ತೆಳ್ಳಗಿದ್ದರೆ ಅದು ಶುಭಸೂಚನೆಯೇ ಆಗಬೇಕಿಲ್ಲ, ಹೊತ್ತಾಗಿಲ್ಲವೆಂದಷ್ಟೇ ಅರ್ಥವಿರಬಹುದು. ದಪ್ಪವನ್ನು ಗಂಟೆಯ ಜೊತೆಗಿಟ್ಟೇ ಓದಬೇಕೆಂಬುದು ನನ್ನ ವಾದ. ಸೋಹನ್ ಸಿಂಗ್ ಹೇರೆ ಅವರ ಕೋತಿಗಳ ಪ್ರಯೋಗದಲ್ಲಿ 97 ನಿಮಿಷದವರೆಗೆ ರೆಟಿನಾ ತಡೆದುಕೊಂಡಿತು. 240 ನಿಮಿಷಕ್ಕೆ ಸರಿಪಡಿಸಲಾಗದಷ್ಟು ಹಾನಿಯಾಗಿತ್ತು. 20 ಗಂಟೆಯೊಳಗೆ ಬಂದವರನ್ನು ಸೇರಿಸಿಕೊಂಡ ಯುರೋಪಿನ ಈಗಲ್ ಅಧ್ಯಯನದಲ್ಲಿ (2010) ನಾಳದೊಳಗೆ ಔಷಧಿ ಬಿಟ್ಟು ಹೆಪ್ಪು ಕರಗಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ, ಅಡ್ಡಪರಿಣಾಮಗಳೇ ಹೆಚ್ಚಿದವು. ಅಲ್ಲಿ ಆಯ್ಕೆಗೆ ಆಧಾರ ರೋಗಿ ಹೇಳಿದ ಗಂಟೆ. ಜೀವಂತ ಉಳಿದ ಪದರವಲ್ಲ.

ದಕ್ಷಿಣ ಬೆಂಗಳೂರಿನಲ್ಲಿ ಈ ಗಂಟೆಗಳ ಲೆಕ್ಕ ದಾರಿಯ ಪ್ರಶ್ನೆಯೂ ಹೌದು. ಹೃದಯಕ್ಕೆ ಬನ್ನೇರುಘಟ್ಟ ರಸ್ತೆಯ ಜಯದೇವ, ಮೆದುಳಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್, ಕಣ್ಣಿಗೆ ಚಾಮರಾಜಪೇಟೆಯ ಮಿಂಟೋ. ಬನಶಂಕರಿಯ ಅಜ್ಜನಿಗೆ ರಾತ್ರಿ ಕಣ್ಣು ಕತ್ತಲಾದರೆ ‘ಪೊರೆ ಬಂದಿರಬೇಕು, ಬೆಳಿಗ್ಗೆ ನೋಡೋಣ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಆ 240 ನಿಮಿಷ ನಿದ್ದೆಯಲ್ಲೇ ಕಳೆಯುತ್ತದೆ. ಲಕ್ವದಂತೆ ಇದೂ ನಾಳ ಕಟ್ಟುವ ತುರ್ತುಸ್ಥಿತಿಯೇ ಆದ್ದರಿಂದ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಲಕ್ವದ ತುರ್ತು ವಿಭಾಗದಲ್ಲೇ ಓಸಿಟಿ ಇಟ್ಟು, ರೆಟಿನಾ ತಜ್ಞರು ದೂರದಿಂದ ಚಿತ್ರ ನೋಡುವ ಏರ್ಪಾಡು ಮಾಡಿದ್ದಾರೆ. ಇಷ್ಟು ಹತ್ತಿರ ಹತ್ತಿರ ಆಸ್ಪತ್ರೆಗಳಿರುವ ನಮ್ಮಲ್ಲಿ ಅದು ಖಂಡಿತ ಆಗಬೇಕು.

ದೃಷ್ಟಿ ಮರಳದೆಂದು ಚಿತ್ರ ಹೇಳಿದರೂ ರೋಗಿಯನ್ನು ಮನೆಗೆ ಕಳಿಸುವಂತಿಲ್ಲ. ಮುಂದಿನ ಕೆಲವು ವಾರ ಲಕ್ವದ ಅಪಾಯ ಹೆಚ್ಚು. ಕತ್ತಿನ ಡಾಪ್ಲರ್, ಇಸಿಜಿ, ಮೆದುಳಿನ ಎಂಆರ್‌ಐ ತಡವಿಲ್ಲದೆ ಆಗಬೇಕು.